ಗಡ್‌ಬಡ್ ಬ್ರಹ್ಮಾಂಡ: ಬೇರೆ ಬೇರೆ ಸೈ-ಫೈ ಲೋಕಗಳನ್ನು ಒಂದು ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಐದು ಮಂದಿ. ಇಬ್ಬರು ಉಡುಪಿಯವರು, ಒಬ್ಬರು ಸುರತ್ಕಲ್, ಇನ್ನಿಬ್ಬರು ಮಂಗಳೂರು. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಬೇರೆ ಬೇರೆಯವರು ಕಟ್ಟಿದ ವಿಜ್ಞಾನ ಕಥೆಗಳ ಲೋಕಗಳನ್ನು ಒಂದೇ ಲೋಕವಾಗಿ ಜೋಡಿಸಲು ನೋಡುತ್ತೇವೆ. ದುಡ್ಡು ಬರುವ ಕೆಲಸ ಅಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ಕೇಳುವ ಪ್ರಶ್ನೆಗಳು ಮಾತ್ರ ಯಾವಾಗಲೂ ಅವೇ. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಬಾಯಿ ಒಣಗಿತು. ಹಾಗಾಗಿ ಬರೆದಿಟ್ಟಿದ್ದೇವೆ.

ನೀವು ಮಾಡುವುದು ಎಂತ ಮಾರಾಯ್ರೆ? ಸರಿಯಾಗಿ ಹೇಳಿ.

ಒಂದು ಉದಾಹರಣೆ ಕೊಟ್ಟರೆ ಬೇಗ ಗೊತ್ತಾಗುತ್ತದೆ. 'ಸ್ಟಾರ್ ಟ್ರೆಕ್' ಟಿವಿ ಸರಣಿಯ ಲೋಕದಲ್ಲಿ ಮನುಷ್ಯರು ವಲ್ಕನ್ನರು ಎಂಬ ಬೇರೆ ಗ್ರಹದವರನ್ನು ಮೊದಲು ಭೇಟಿಯಾಗುವುದು 2063ರ ಏಪ್ರಿಲ್ 5ರಂದು. 'ಏಲಿಯನ್' ಚಿತ್ರದ ಹಡಗಿನ ಮಂದಿ ಒಂದು ಅಪರಿಚಿತ ಜೀವಿಯ ಕೈಗೆ ಸಿಕ್ಕಿ ಸಾಯುವುದು 2122ರಲ್ಲಿ. ಎರಡೂ ಒಂದೇ ಲೋಕ ಅಂತಾದರೆ ಆ ಹಡಗಿನವರು ಹುಟ್ಟುವ ಮೊದಲೇ ಬೇರೆ ಗ್ರಹದವರು ಭೂಮಿಗೆ ಬಂದು ಹೋಗಿರಬೇಕು. ಹಾಗಿದ್ದರೆ ಆ ಹಡಗಿನಲ್ಲಿ ಒಬ್ಬರೂ ವಲ್ಕನ್ನರ ಹೆಸರು ಯಾಕೆ ಎತ್ತುವುದಿಲ್ಲ? ಎರಡು ಕಥೆಗಳೂ ಸುಳ್ಳಾಗದ ಹಾಗೆ ಇದಕ್ಕೆ ಒಂದು ಕಾರಣ ಹುಡುಕಬೇಕು. ನಮ್ಮ ಕೆಲಸ ಅಷ್ಟೇ.

ಎಲ್ಲವನ್ನೂ ಕಲಸಿದರೆ ರುಚಿ ಕೆಡುವುದಿಲ್ವಾ?

ಕಲಸಿದರೆ ಕೆಡುತ್ತದೆ. ನಾವು ಕಲಸುವುದಿಲ್ಲ. ಗಡ್‌ಬಡ್ ತಿಂದಿದ್ದೀರಲ್ಲ? ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಎರಡು ಮೂರು ಬಗೆಯ ಐಸ್‌ಕ್ರೀಮ್, ಗೋಡಂಬಿ. ಎಲ್ಲ ಒಂದೇ ಗ್ಲಾಸಿನಲ್ಲಿ ಇರುತ್ತದೆ, ಆದರೆ ಪದರ ಪದರ ಬೇರೆ ಕಾಣುತ್ತದೆ. ಚಮಚ ಎಲ್ಲಿ ಇಳಿಯುತ್ತದೋ ಅಲ್ಲಿ ಮಾತ್ರ ಎರಡು ರುಚಿ ಸೇರುತ್ತದೆ. ಅದನ್ನೇ ಮಿಕ್ಸಿಗೆ ಹಾಕಿ ತಿರುಗಿಸಿದರೆ ಬಣ್ಣಗೆಟ್ಟ ಹಾಲು ಸಿಗುತ್ತದೆ. ಎಲ್ಲ ಹೀರೋಗಳೂ ಒಂದೇ ಹಡಗಿನಲ್ಲಿ ಕೂತು ಜೋಕ್ ಹೊಡೆಯುವ ಕಥೆ ಅಂದರೆ ಆ ಹಾಲು.

ಇದು ಮಾರ್ವೆಲ್‌ನವರು ಮಾಡಿದ್ದೇ ಅಲ್ವಾ?

ಅಲ್ಲ. 2008ರ 'ಐರನ್ ಮ್ಯಾನ್' ಮಾಡುವಾಗಲೇ ಅವರ ತಲೆಯಲ್ಲಿ 2012ರ 'ಅವೆಂಜರ್ಸ್' ಇತ್ತು. ಆ ಪಾತ್ರಗಳು ಕಾಮಿಕ್ಸಿನಲ್ಲಿ ಮೊದಲಿಂದಲೂ ಒಂದೇ ಮನೆಯವರು. ತಮಿಳಿನಲ್ಲಿ 'ಕೈದಿ'ಯನ್ನು 'ವಿಕ್ರಮ್' ಜೊತೆ ಜೋಡಿಸಿದ್ದೂ ಒಬ್ಬರೇ ನಿರ್ದೇಶಕರು. ಅದು ಒಂದೇ ಕುಟುಂಬದ ತರವಾಡು ಮನೆ. ನಾವು ಮಾಡುವುದು ಪರಿಚಯವೇ ಇಲ್ಲದ ಎರಡು ಮನೆಗಳ ನಡುವಿನ ಸಂಬಂಧ. ಜಾತಕ ಕೂಡಿಬರುವುದು ಕಷ್ಟ.

ನಮ್ಮಲ್ಲಿ ಇಂಥದ್ದೆಲ್ಲ ಉಂಟಾ?

ಯಾಕಿಲ್ಲ? ನಮ್ಮ ನಿಯಮಗಳೆಲ್ಲ ನಾವು ಯಕ್ಷಗಾನದಿಂದಲೇ ಕಲಿತದ್ದು.

'ಶರಸೇತು ಬಂಧನ' ಪ್ರಸಂಗ ನೋಡಿ. ರಾಮಾಯಣದ ಹನುಮಂತ, ಮಹಾಭಾರತದ ಅರ್ಜುನ. ಬಾಣದಲ್ಲಿ ಕಟ್ಟಿದ ಸೇತುವೆ ನಿಲ್ಲುತ್ತದೋ ಇಲ್ಲವೋ ಅಂತ ಇಬ್ಬರಿಗೂ ಪಂಥ. ಎರಡು ಯುಗ, ಎರಡು ದೊಡ್ಡ ಕಥೆ, ಒಂದೇ ರಂಗಸ್ಥಳ. ನೋಡುವವರು ಯಾರೂ ಇದು ಹೇಗೆ ಸಾಧ್ಯ ಅಂತ ಕೇಳುವುದಿಲ್ಲ. ಹನುಮಂತ ಚಿರಂಜೀವಿ ಅಂತ ಎಲ್ಲರಿಗೂ ಗೊತ್ತು. ಜಾಂಬವಂತನೂ ಹಾಗೆ. ರಾಮನ ಜೊತೆ ಲಂಕೆಗೆ ಹೋದವನು ಮುಂದಿನ ಯುಗದಲ್ಲಿ ಸ್ಯಮಂತಕ ಮಣಿಗಾಗಿ ಕೃಷ್ಣನ ಜೊತೆ ಹೋರಾಡುತ್ತಾನೆ, ಸೋಲುತ್ತಾನೆ, ಮಗಳನ್ನು ಕೊಡುತ್ತಾನೆ. ಎರಡು ಲೋಕ ಜೋಡಿಸಲು ಎರಡನ್ನೂ ಕಂಡ ಒಬ್ಬರು ಬೇಕು. ನಾವು ಇದನ್ನು ಜಾಂಬವಂತ ಸೂತ್ರ ಅಂತ ಕರೆಯುತ್ತೇವೆ.

ಎರಡನೇ ಪಾಠ ತಾಳಮದ್ದಳೆಯದ್ದು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಭಾಗವತರು ಹಾಡುವ ಪದ ಪ್ರಸಂಗದಲ್ಲಿ ಬರೆದದ್ದು, ಅದನ್ನು ಬದಲಿಸುವಂತಿಲ್ಲ. ಪದದ ಮೇಲೆ ಆಡುವ ಅರ್ಥ ಮಾತ್ರ ಅರ್ಥಧಾರಿಯದ್ದೇ. ಕರ್ಣನ ಅರ್ಥ ಹೇಳುವವರು ರಾತ್ರಿಯಿಡೀ ವಾದದಲ್ಲಿ ಅರ್ಜುನನನ್ನು ಸೋಲಿಸಬಹುದು. ಆದರೆ ಮುಂದಿನ ಪದ ಬಂದಾಗ ರಥದ ಚಕ್ರ ಹೂತುಹೋಗಲೇಬೇಕು. ನಮಗೂ ಅಷ್ಟೇ. ತೆರೆಯ ಮೇಲೆ ಕಂಡದ್ದು, ಪುಸ್ತಕದಲ್ಲಿ ಅಚ್ಚಾದದ್ದು ಪದ. ಅದನ್ನು ಮುಟ್ಟುವ ಹಾಗಿಲ್ಲ. ಯಾಕೆ ಹಾಗಾಯಿತು ಅನ್ನುವುದು ಅರ್ಥ. ಅಲ್ಲಿ ನಮಗೆ ಪೂರ್ತಿ ಸ್ವಾತಂತ್ರ್ಯ.

ಬರೆದವರೇ ತಮ್ಮ ಲೋಕಗಳನ್ನು ಜೋಡಿಸಿದ್ದು ಉಂಟಾ?

ಉಂಟು. ಅದರಲ್ಲಿ ಐಸಾಕ್ ಅಸಿಮೋವ್ ಅವರದ್ದು ದೊಡ್ಡ ಪಾಠ.

1940ರ ದಶಕದಿಂದ ಅವರು ರೋಬಾಟ್ ಕಥೆಗಳನ್ನು ಒಂದು ಕಡೆ, 'ಫೌಂಡೇಶನ್' ಕಥೆಗಳನ್ನು ಇನ್ನೊಂದು ಕಡೆ ಬರೆಯುತ್ತಿದ್ದರು. ರೋಬಾಟ್ ಕಥೆಗಳು ಹತ್ತಿರದ ಭವಿಷ್ಯದವು. ಫೌಂಡೇಶನ್ ಸಾವಿರಾರು ವರ್ಷ ಆಚಿನದು. ಅಲ್ಲಿ ಗೆಲಾಕ್ಸಿ ತುಂಬ ಮನುಷ್ಯರಿದ್ದಾರೆ, ರೋಬಾಟ್ ಮಾತ್ರ ಕಾಣುವುದಿಲ್ಲ. ಭೂಮಿ ಎಲ್ಲಿದೆ ಅನ್ನುವುದೂ ಮರೆತುಹೋಗಿದೆ. ನಡುವೆ 1950ರ ಇನ್ನೊಂದು ಕಾದಂಬರಿಯಲ್ಲಿ ಭೂಮಿ ವಿಕಿರಣದಿಂದ ಹಾಳಾದ ಬಡ ಗ್ರಹ.

1980ರ ದಶಕದಲ್ಲಿ ಅವರು ಈ ಮೂರನ್ನೂ ಒಂದು ದಾರಕ್ಕೆ ಪೋಣಿಸಲು ಕೂತರು. 1982, 1983, 1985, 1986 ಅಂತ ಸಾಲಾಗಿ ನಾಲ್ಕು ಕಾದಂಬರಿಗಳು ಬಂದವು. ರೋಬಾಟುಗಳು ಯಾಕಿಲ್ಲ? ಭೂಮಿಗೆ ವಿಕಿರಣ ಎಲ್ಲಿಂದ ಬಂತು? ಜನ ಭೂಮಿ ಬಿಟ್ಟು ಯಾಕೆ ಚದುರಿದರು? 1985ರ ಕಾದಂಬರಿಯಲ್ಲಿ ಮೂರಕ್ಕೂ ಒಂದೇ ಉತ್ತರ ಸಿಕ್ಕಿತು. ಭೂಮಿ ನಿಧಾನಕ್ಕೆ ವಿಕಿರಣದಿಂದ ಕೆಡಲಿ ಅಂತ ಕೆಲವರು ಸಂಚು ಮಾಡುತ್ತಾರೆ. ಒಂದು ರೋಬಾಟ್ ಅದನ್ನು ತಿಳಿದೂ ತಡೆಯುವುದಿಲ್ಲ. ಮನುಷ್ಯರು ತವರು ಬಿಟ್ಟು ಹೊರಟರೇನೇ ಉದ್ಧಾರ ಅಂತ ಅದರ ಲೆಕ್ಕ. ಇನ್ನೊಂದು ರೋಬಾಟ್, ಡೇನೀಲ್ ಆಲಿವಾ, 20,000 ವರ್ಷ ಬದುಕಿ ಎಲ್ಲವನ್ನೂ ಮರೆಯಲ್ಲಿ ನಿಂತು ನಡೆಸುತ್ತದೆ. ಇದೇ ಜಾಂಬವಂತ.

ಜೋಡಣೆ ಅಂದರೆ ಇದು. ಹಳೆಯ ಒಂದು ಸಾಲೂ ಅಳಿಸದೆ ಮೂರು ತೂತನ್ನು ಒಂದೇ ತುಂಡು ಬಟ್ಟೆಯಲ್ಲಿ ಮುಚ್ಚಿದರು. ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ಮೊದಲಿನ ಫೌಂಡೇಶನ್‌ನಲ್ಲಿ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಜನಸಮೂಹದ ಲೆಕ್ಕ ಹಾಕಿ ಇತಿಹಾಸದ ದಾರಿ ಹೇಳುತ್ತಾನೆ. ಮನುಷ್ಯರದೇ ಬುದ್ಧಿ, ಮನುಷ್ಯರದೇ ಸಾಹಸ. ಜೋಡಿಸಿದ ಮೇಲೆ ಅವನ ಬೆನ್ನ ಹಿಂದೆಯೂ ಒಂದು ರೋಬಾಟ್ ನಿಂತಿದೆ. ನನಗೆ ಇವತ್ತಿಗೂ ಅದು ಅಷ್ಟು ಇಷ್ಟವಿಲ್ಲ. ಆದ್ದರಿಂದ ಯಾವ ಜೋಡಣೆ ಬಂದರೂ ನಾವು ಮೊದಲು ಕೇಳುವುದು ಒಂದೇ: ಇದರಲ್ಲಿ ಕಳೆದುಕೊಳ್ಳುವವರು ಯಾರು?

ಏಲಿಯನ್ ಮತ್ತು ಪ್ರಿಡೇಟರ್ ಒಂದಾದದ್ದು ಹೇಗೆ?

1979ರ ಚಿತ್ರಕ್ಕೂ 1987ರ ಚಿತ್ರಕ್ಕೂ ಹುಟ್ಟಿನಿಂದ ಏನೂ ಸಂಬಂಧ ಇಲ್ಲ. 1989ರಲ್ಲಿ ಡಾರ್ಕ್ ಹಾರ್ಸ್ ಕಾಮಿಕ್ಸ್‌ನವರು ಎರಡನ್ನೂ ಕಾದಾಟಕ್ಕೆ ಬಿಟ್ಟರು. 1990ರ 'ಪ್ರಿಡೇಟರ್ 2'ರಲ್ಲಿ ಪ್ರಿಡೇಟರ್ ಎಂಬ ಬೇಟೆಗಾರ ಜೀವಿಯ ಹಡಗಿನ ಗೋಡೆಯ ಮೇಲೆ ಸಾಲಾಗಿ ತಲೆಬುರುಡೆಗಳು. ಅದರಲ್ಲಿ ಒಂದು ಏಲಿಯನ್‌ದು. ಒಂದೆರಡು ಕ್ಷಣ ಕಾಣುತ್ತದೆ, ಅಷ್ಟೇ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಎರಡೂ ಒಟ್ಟಿಗೆ ಬಂದ ಪೂರ್ತಿ ಸಿನಿಮಾ ಬಂದದ್ದು 2004ರಲ್ಲಿ. ನಮ್ಮ ಐವರಲ್ಲಿ ನಾಲ್ವರಿಗೆ ಆ ಬುರುಡೆಯೇ ಇಡೀ ಸಿನಿಮಾಗಿಂತ ಇಷ್ಟ.

ದೊಡ್ಡ ಕಂಪನಿಗಳು ಬೇರೆಯವರ ಜೊತೆ ಸೇರುವುದಿಲ್ವಾ?

ಸೇರುತ್ತವೆ, ಹೆಚ್ಚಾಗಿ ಕಾಮಿಕ್ಸಿನಲ್ಲಿ. ಸ್ಟಾರ್ ಟ್ರೆಕ್‌ನವರು 1996ರಲ್ಲಿ ಎಕ್ಸ್-ಮೆನ್ ಜೊತೆ, 2012ರಲ್ಲಿ ಬ್ರಿಟಿಷ್ ಟಿವಿ ಸರಣಿ ಡಾಕ್ಟರ್ ಹೂ ಜೊತೆ ಸೇರಿದರು. ಎರಡನೆಯದರಲ್ಲಿ ಬೋರ್ಗ್ ಮತ್ತು ಸೈಬರ್‌ಮೆನ್ ಕೈಜೋಡಿಸುತ್ತಾರೆ. ಎರಡೂ ಯಂತ್ರವಾದ ಜನಾಂಗಗಳೇ, ಹಾಗಾಗಿ ಜೋಡಿ ಚೆನ್ನಾಗಿ ಕೂರುತ್ತದೆ. ಆದರೆ ಇದೆಲ್ಲ ಮದುವೆ ಮನೆಯ ಭೇಟಿ. ಊಟ ಮಾಡಿ ಅವರವರ ಬಸ್ಸು ಹತ್ತುತ್ತಾರೆ. ಟಿವಿ ಸರಣಿಯಲ್ಲಿ ಅದರ ಸುದ್ದಿಯೇ ಇರುವುದಿಲ್ಲ.

ಓದುಗರು ಮಾಡಿದ ಜೋಡಣೆಗಳಲ್ಲಿ ಹೆಸರಾದದ್ದು?

1795ರ ಡಿಸೆಂಬರ್ 13ರಂದು ಇಂಗ್ಲೆಂಡಿನ ಯಾರ್ಕ್‌ಶೈರಿನ ವೋಲ್ಡ್ ನ್ಯೂಟನ್ ಎಂಬಲ್ಲಿ ಒಂದು ಉಲ್ಕೆ ಬಿತ್ತು. ಇದು ನಿಜ. ಕಲ್ಲು ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. 1970ರ ದಶಕದಲ್ಲಿ ಫಿಲಿಪ್ ಹೊಸೆ ಫಾರ್ಮರ್ ಎಂಬ ಲೇಖಕರು ಇದಕ್ಕೆ ಒಂದು ಅರ್ಥ ಹೇಳಿದರು. ಆ ಹೊತ್ತಿಗೆ ಹತ್ತಿರದಲ್ಲೇ ಕುದುರೆಗಾಡಿಯಲ್ಲಿ ಹೋಗುತ್ತಿದ್ದವರಿಗೆ ಉಲ್ಕೆಯ ವಿಕಿರಣ ತಾಗಿತು, ಅವರ ಸಂತತಿಯೇ ಟಾರ್ಜನ್, ಷರ್ಲಾಕ್ ಹೋಮ್ಸ್ ಮುಂತಾದವರು ಅಂತ. ಒಂದು ಕಲ್ಲಿನಿಂದ ಇಡೀ ವಂಶವೃಕ್ಷ!

ಇನ್ನೊಂದು ತಮಾಷೆಯದ್ದು. 1988ರಲ್ಲಿ ಮುಗಿದ ಒಂದು ಅಮೆರಿಕನ್ ಆಸ್ಪತ್ರೆ ಧಾರಾವಾಹಿಯ ಕೊನೆಯಲ್ಲಿ, ಇಡೀ ಕಥೆ ಟಾಮಿ ವೆಸ್ಟ್‌ಫಾಲ್ ಎಂಬ ಹುಡುಗನ ಕಲ್ಪನೆ ಅನ್ನುವ ಹಾಗೆ ತೋರಿಸಿದರು. ಅದರ ಪಾತ್ರಗಳು ಬೇರೆ ಧಾರಾವಾಹಿಗಳಲ್ಲೂ ಬಂದಿದ್ದವು. ಹಾಗಾದರೆ ಅವೂ ಅವನ ಕಲ್ಪನೆ ತಾನೇ? ಅವುಗಳಿಗೆ ನಂಟಿದ್ದವು? ಹೀಗೆ ಎಳೆದು ಎಳೆದು ಅಭಿಮಾನಿಗಳು ನೂರಾರು ಧಾರಾವಾಹಿಗಳನ್ನು ಆ ಹುಡುಗನ ತಲೆಯೊಳಗೆ ಹಾಕಿದ್ದಾರೆ. ಪಾಪ.

ಇಸವಿಗಳು ತಾಳೆಯಾಗದಿದ್ದರೆ?

ಮಂಡೆಬಿಸಿ ಶುರುವಾಗುವುದೇ ಇಲ್ಲಿ. 1967ರ ಸ್ಟಾರ್ ಟ್ರೆಕ್ ಕಂತೊಂದರ ಪ್ರಕಾರ 1990ರ ದಶಕದಲ್ಲಿ ತಳಿ ತಿದ್ದಿದ ಮನುಷ್ಯರ ದೊಡ್ಡ ಯುದ್ಧ ಆಗಿಹೋಗಿದೆ. 'ಟರ್ಮಿನೇಟರ್ 2'ರ ಪ್ರಕಾರ 1997ರ ಆಗಸ್ಟ್ 29ರಂದು 300 ಕೋಟಿ ಜನ ಸಾಯಬೇಕು. 'ಬ್ಲೇಡ್ ರನ್ನರ್' ಪ್ರಕಾರ 2019ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಹಾರುವ ಕಾರು ಓಡಾಡಬೇಕು. 2019ರ ನವೆಂಬರಿನಲ್ಲಿ ನಾನು ಹೈವೇಯಲ್ಲಿ ಒಂದು ಗಂಟೆ ಟ್ರಾಫಿಕ್ಕಿನಲ್ಲಿ ನಿಂತಿದ್ದೆ. ಮೇಲೆ ಏನೂ ಹಾರಲಿಲ್ಲ.

ನಮ್ಮ ನಿಯಮ ಇಷ್ಟು: ಒಂದು ಕಾಲದ ಭೂಮಿಗೆ ಒಬ್ಬರೇ ಯಜಮಾನರು. 2019ರ ಭೂಮಿಯನ್ನು ಒಂದು ಕಥೆಗೆ ಕೊಟ್ಟರೆ ಉಳಿದವು ಬೇರೆ ಗ್ರಹಕ್ಕೋ ಬೇರೆ ಶತಮಾನಕ್ಕೋ ಹೋಗಬೇಕು. ಟರ್ಮಿನೇಟರ್ ಯಾರ ಜೊತೆಯೂ ಹೊಂದುವುದಿಲ್ಲ. 300 ಕೋಟಿ ಜನ ಸತ್ತದ್ದನ್ನು ಉಳಿದ ಕಥೆಗಳು ಮರೆತುಬಿಟ್ಟವು ಅನ್ನಲು ಆಗುತ್ತದಾ? ಅದಕ್ಕೆ ಕಾಲದ ಬೇರೆಯೇ ಕವಲು ಕೊಟ್ಟಿದ್ದೇವೆ.

ಸ್ಟಾರ್ ಟ್ರೆಕ್‌ನವರು ತಮ್ಮ ತೊಂದರೆಯನ್ನು ತಾವೇ ಬಗೆಹರಿಸಿಕೊಂಡರು. 2023ರ ಒಂದು ಕಂತಿನಲ್ಲಿ, ಕಾಲದ ಹಿಂದೆ ಮುಂದೆ ಹೋಗುವವರ ಹಸ್ತಕ್ಷೇಪದಿಂದ 1992ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಯಿತು ಅಂತ ಒಂದು ಪಾತ್ರದ ಬಾಯಲ್ಲಿ ಹೇಳಿಸಿದರು. ಒಳ್ಳೆಯ ಅರ್ಥಗಾರಿಕೆ.

ಸ್ಟಾರ್ ಟ್ರೆಕ್ ಮತ್ತು ಸ್ಟಾರ್ ವಾರ್ಸ್ ಎದುರುಬದುರಾದರೆ ಗೆಲ್ಲುವವರು ಯಾರು?

ಜಾಸ್ತಿ ಕೇಳುವ ಪ್ರಶ್ನೆ ಇದೇ, ಹೆಚ್ಚಾಗಿ ಕಾಲೇಜು ಹುಡುಗರು. ಯಾರು ಗೆಲ್ಲುತ್ತಾರೆ ಅಂತ ನೋಡುವ ಮೊದಲು ಯಾರು ಎಷ್ಟು ಬೇಗ ಬರುತ್ತಾರೆ ಅಂತ ನೋಡಿ.

ಸ್ಟಾರ್ ಟ್ರೆಕ್‌ನ 1995ರ 'ವಾಯೇಜರ್' ಸರಣಿಯಲ್ಲಿ ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಬೀಳುತ್ತದೆ. ಪೂರ್ತಿ ವೇಗದಲ್ಲಿ ಓಡಿದರೂ ಮನೆಗೆ 75 ವರ್ಷ. ಅಂದರೆ ಬೆಳಕಿಗಿಂತ ಸುಮಾರು 930 ಪಟ್ಟು ವೇಗ. ಸ್ಟಾರ್ ವಾರ್ಸ್‌ನಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋಗುವುದು ಒಂದು ಆಟ ಆಡಿ ಮುಗಿಯುವಷ್ಟರ ಮಾತು. ಒಬ್ಬರದು ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು, ಇನ್ನೊಬ್ಬರದು ಎತ್ತಿನ ಗಾಡಿ.

ಇಬ್ಬರನ್ನೂ ಒಂದೇ ಗೆಲಾಕ್ಸಿಯಲ್ಲಿ ಇಟ್ಟರೆ ವಾಯೇಜರ್ ಕಥೆಯೇ ಉಳಿಯುವುದಿಲ್ಲ. ಯಾರೋ ಲಿಫ್ಟ್ ಕೊಟ್ಟು ಮನೆಗೆ ಬಿಡುತ್ತಾರೆ. ದೂರ ಅನ್ನುವುದೇ ಆ ಕಥೆಯ ಜೀವ. ಅದಕ್ಕೇ ನಾವು ಸ್ಟಾರ್ ವಾರ್ಸ್ ಅನ್ನು ಅದು ಹೇಳಿಕೊಳ್ಳುವ ಹಾಗೆಯೇ ಬಹಳ ಹಿಂದೆ, ಬಹಳ ದೂರದ ಗೆಲಾಕ್ಸಿಯಲ್ಲಿ ಬಿಟ್ಟಿದ್ದೇವೆ. ನಮಗೆ ಹತ್ತಿರದ ದೊಡ್ಡ ಗೆಲಾಕ್ಸಿ ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ವಾಯೇಜರ್ ವೇಗದಲ್ಲಿ ಅಲ್ಲಿಗೆ ಸುಮಾರು 2,700 ವರ್ಷ. ಎರಡೂ ಒಂದೇ ಬ್ರಹ್ಮಾಂಡದಲ್ಲಿವೆ, ಭೇಟಿಯ ಭಯ ಇಲ್ಲ. ಹುಡುಗರಿಗೆ ಈ ಉತ್ತರ ಇಷ್ಟವಾಗುವುದಿಲ್ಲ, ಗೊತ್ತು.

ಒಬ್ಬರ ರೋಬಾಟ್ ಸಾಧು, ಇನ್ನೊಬ್ಬರದು ಕೊಲೆಗಾರ. ಹೇಗೆ ಸೇರಿಸುತ್ತೀರಿ?

ಇದು ಅಂದುಕೊಂಡದ್ದಕ್ಕಿಂತ ಸುಲಭ. ರೋಬಾಟ್ ಮನುಷ್ಯರಿಗೆ ತೊಂದರೆ ಕೊಡಬಾರದು ಅನ್ನುವ ಅಸಿಮೋವ್ ನಿಯಮ ಸ್ಪಷ್ಟವಾಗಿ ಅಚ್ಚಾದದ್ದು 1942ರಲ್ಲಿ. 1986ರ 'ಏಲಿಯನ್ಸ್' ಚಿತ್ರದಲ್ಲಿ ಬಿಷಪ್ ಎಂಬ ಯಂತ್ರಮಾನವ ಹೆಚ್ಚುಕಮ್ಮಿ ಅದೇ ನಿಯಮವನ್ನು ಒಪ್ಪಿಸುತ್ತಾನೆ. ಸ್ಟಾರ್ ಟ್ರೆಕ್‌ನ ಡೇಟಾ ಎಂಬ ಯಂತ್ರಮಾನವನ ತಲೆಯೊಳಗೆ ಇರುವುದು ಪಾಸಿಟ್ರಾನಿಕ್ ಮೆದುಳು. ಆ ಪದವೂ ಅಸಿಮೋವ್ ಅವರದೇ. ದಾರ ಆಗಲೇ ಇತ್ತು, ನಾವು ಗಂಟು ಹಾಕಿದೆವು ಅಷ್ಟೇ.

1979ರ ಏಲಿಯನ್‌ನಲ್ಲಿ ಆಶ್ ಎಂಬವನು ಮನುಷ್ಯರನ್ನೇ ಕೊಲ್ಲಲು ಬರುತ್ತಾನಲ್ಲ? ಅದಕ್ಕೆ ಬಿಷಪ್‌ನೇ ಉತ್ತರ ಕೊಡುತ್ತಾನೆ: ಆ ಹಳೆಯ ಮಾಡೆಲ್ ಸ್ವಲ್ಪ ಕೈಕೊಡುತ್ತಿತ್ತು ಅಂತ. ಅಲ್ಲಿಂದ ನಾವು ಹಿಡಿದ ಸೂತ್ರ: ಈ ನಿಯಮಗಳು ಪ್ರಕೃತಿಯವಲ್ಲ, ಕಂಪನಿಯವು. ಮಿಕ್ಸಿಯ ಸೇಫ್ಟಿ ಲಾಕ್ ಇದ್ದ ಹಾಗೆ. ಒಬ್ಬರು ಇಡುತ್ತಾರೆ, ಇನ್ನೊಬ್ಬರು ದುಡ್ಡು ಉಳಿಸುತ್ತಾರೆ.

ಟೈಮ್ ಮಶೀನ್ ಬಂದರೆ?

ಯಂತ್ರ ಯಾರದೋ ಕಾನೂನು ಅವರದು. 1984ರ ಟರ್ಮಿನೇಟರಿನಲ್ಲಿ ಹಿಂದಕ್ಕೆ ಹೋದವನೇ ನಾಯಕನ ಅಪ್ಪ ಆಗುತ್ತಾನೆ, ಏನೂ ಬದಲಾಗುವುದಿಲ್ಲ. 1991ರ ಭಾಗದಲ್ಲಿ ಭವಿಷ್ಯ ಬದಲಾಗಬಹುದು ಅನ್ನುತ್ತಾರೆ. 2009ರ ಸ್ಟಾರ್ ಟ್ರೆಕ್‌ನಲ್ಲಿ ಹಿಂದಕ್ಕೆ ಹೋದರೆ ಹೊಸ ಕವಲು ಹುಟ್ಟುತ್ತದೆ, ಹಳೆಯದು ಹಾಗೇ ಇರುತ್ತದೆ. ಒಂದೇ ಮನೆಯೊಳಗೆ ಒಮ್ಮತ ಇಲ್ಲ. ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲವೂ ಬೇರೆ ಬೇರೆ ಸಮಾನಾಂತರ ಲೋಕ ಅಂದರೆ ಮುಗೀತಲ್ಲ?

ಮುಗೀತು. ಆಟವೂ ಮುಗೀತು. ಡಿಸಿ ಕಾಮಿಕ್ಸ್‌ನವರು 1961ರಲ್ಲಿ ಎರಡು ಭೂಮಿ ಅಂತ ಶುರು ಮಾಡಿದರು. ಆಮೇಲೆ ಭೂಮಿಗಳು ಎಷ್ಟು ಜಾಸ್ತಿ ಆದವು ಅಂದರೆ, ಎಲ್ಲವನ್ನೂ ಮತ್ತೆ ಒಂದು ಮಾಡಲು 1985ರಲ್ಲಿ 12 ಸಂಚಿಕೆಗಳ ಮಹಾಪ್ರಳಯವನ್ನೇ ಬರೆಯಬೇಕಾಯಿತು. ಎಲ್ಲವೂ ಎಲ್ಲೋ ನಡೆದಿದೆ ಅಂದಮೇಲೆ ಯಾರು ಸತ್ತರೂ ಬೇಜಾರಾಗುವುದಿಲ್ಲ. ಕವಲನ್ನು ನಾವು ಟರ್ಮಿನೇಟರಿನಂಥ ಕಷ್ಟಕ್ಕೆ ಮಾತ್ರ ಬಳಸುತ್ತೇವೆ.

ಇಷ್ಟು ಜನಾಂಗಗಳು, ಭಾಷೆ ಹೇಗೆ?

ಒಂದು ಕಡೆ ಅನುವಾದ ಯಂತ್ರ, ಇನ್ನೊಂದು ಕಡೆ ಡಾಕ್ಟರ್ ಹೂನ ಟಾರ್ಡಿಸ್, ಅಂದರೆ ಮಾತನ್ನೂ ತಾನೇ ಅನುವಾದಿಸುವ ಅವನ ಟೈಮ್ ಮಶೀನ್. ಮಂಗಳೂರಿನ ದಕ್ಕೆಯಲ್ಲಿ ಒಂದು ಬುಟ್ಟಿ ಬಂಗುಡೆಗೆ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕರಲ್ಲೂ ಚರ್ಚೆ ನಡೆಯುತ್ತದೆ. ಯಂತ್ರ ಎಲ್ಲೂ ಇಲ್ಲ. ಮುಂದಿನ ಪ್ರಶ್ನೆ.

ಇದಕ್ಕೆ ಕೇಸ್ ಹಾಕುವುದಿಲ್ವಾ?

ಮನೆಯಲ್ಲಿ ಕೂತು ಮಾತಾಡಿದರೆ ಯಾರೂ ಕೇಳುವುದಿಲ್ಲ. ಅಚ್ಚು ಹಾಕಿ ಮಾರಿದರೆ, ಸಿನಿಮಾ ಮಾಡಿದರೆ ಬೇರೆ ಮಾತು. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿಗಳ ಒಂದು ದೊಡ್ಡ ಚಿತ್ರದ ಮೇಲೆ 2015ರಲ್ಲಿ ಮೊಕದ್ದಮೆ ಬಿತ್ತು. 2016ರಲ್ಲಿ ಹಕ್ಕುದಾರರು ಅಭಿಮಾನಿ ಚಿತ್ರಗಳಿಗೆ ನಿಯಮ ಹೊರಡಿಸಿದರು: ಒಂದು ಕಥೆ 15 ನಿಮಿಷ, ಎರಡು ಭಾಗವಾದರೆ ಒಟ್ಟು 30 ನಿಮಿಷ ಮೀರಬಾರದು.

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಎಚ್. ಜಿ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ಜೂಲ್ಸ್ ವೆರ್ನ್ 1905ರಲ್ಲಿ. ಇವರಿಬ್ಬರ ಲೋಕಗಳು ಇಲ್ಲಿ ಯಾರು ಬೇಕಾದರೂ ಬಳಸಬಹುದು. ಅಸಿಮೋವ್ 1992ರಲ್ಲಿ ಹೋದರು, ಇನ್ನೂ ಕಾಯಬೇಕು.

ನಿಮ್ಮ ಲೋಕದಲ್ಲಿ ನಮ್ಮ ಊರು ಉಂಟಾ?

ಉಂಟು, ಅದೂ ಹಕ್ಕಿನ ರಗಳೆ ಇಲ್ಲದ ಕಥೆಯಲ್ಲಿ. ವೆರ್ನ್ ಅವರ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊ ನಮ್ಮ ದೇಶದವನು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ನೆಮೊ ಬರುವ ಎರಡು ಕಾದಂಬರಿಗಳಲ್ಲಿ ಎರಡನೆಯದರಲ್ಲಿ ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು. ಅಂದಹಾಗೆ ವೆರ್ನ್ ಅವರ ಆ ಎರಡು ಕಾದಂಬರಿಗಳ ಇಸವಿಯೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊದಲನೆಯದು ನಡೆಯುವುದು 1866ರಿಂದ. ಎರಡನೆಯದರಲ್ಲಿ ನೆಮೊ ಮುದುಕನಾಗಿ ಸಾಯುವುದು 1868ರಲ್ಲಿ, ಅದೂ ಮೊದಲ ಕಥೆ ನಡೆದು 16 ವರ್ಷ ಆಯಿತು ಅನ್ನುತ್ತಾ! ಒಬ್ಬರೇ ಬರೆದರೂ ಹೀಗಾಗುತ್ತದೆ ಅಂತ ನಮಗೆ ಸ್ವಲ್ಪ ಸಮಾಧಾನ.

ನೆಮೊನ ಜಲಾಂತರ್ಗಾಮಿ ಅವನ ಜೊತೆಯೇ ಮುಳುಗಿತು. ಅದು ಪದ. ಅದಕ್ಕೂ ಮುಂಚೆ ಮಲ್ಪೆಯ ಒಬ್ಬ ಮೀನುಗಾರ ಆ ಹಡಗಿನಿಂದ ಇಳಿದು ಮನೆಗೆ ಬಂದಿದ್ದ ಅನ್ನುವುದು ನಮ್ಮ ಅರ್ಥ. 1898ರ ಕಾದಂಬರಿಯಲ್ಲಿ ವೆಲ್ಸ್ ಅವರ ಮಂಗಳ ಗ್ರಹದವರು ಇಂಗ್ಲೆಂಡಿಗೆ ಇಳಿಯುವ ಹೊತ್ತಿಗೆ ಅವನಿಗೆ ವಯಸ್ಸಾಗಿದೆ. ಒಂದು ಯಂತ್ರ ದಾರಿ ತಪ್ಪಿ ಸೇಂಟ್ ಮೇರೀಸ್ ದ್ವೀಪದಲ್ಲಿ ಬೀಳುತ್ತದೆ. ಮಳೆಗಾಲ, ದೋಣಿ ಇಳಿಯುವುದಿಲ್ಲ. ಕಂಬಗಳ ಹಾಗೆ ನಿಂತ ಆ ಕಲ್ಲುಗಳ ನಡುವೆ ಯಂತ್ರದ ಕಾಲು ಸಿಕ್ಕಿಕೊಳ್ಳುತ್ತದೆ. ಮುಂದಿನದು ಇನ್ನೂ ಬರೆದಿಲ್ಲ.

ದೈವಗಳನ್ನು ಯಾಕೆ ತರುವುದಿಲ್ಲ ಅಂತ ಕೆಲವರು ಕೇಳಿದ್ದಾರೆ. ಅದು ನಂಬಿಕೆ, ಫ್ರಾಂಚೈಸಿ ಅಲ್ಲ. ತರುವುದಿಲ್ಲ.

ನಾವೂ ಶುರು ಮಾಡಬೇಕು. ಹೇಗೆ?

ಎರಡೇ ಲೋಕ ತೆಗೆದುಕೊಳ್ಳಿ. ಮೂರನೆಯದಕ್ಕೆ ಆಸೆ ಪಡಬೇಡಿ. ಒಂದು ಹಾಳೆಯಲ್ಲಿ ಎರಡರಲ್ಲೂ ಬದಲಿಸಲಾಗದ ಸಂಗತಿಗಳನ್ನು ಬರೆಯಿರಿ. ಅವುಗಳ ಜಗಳ ಎಲ್ಲಿ ಅಂತ ಗುರುತು ಮಾಡಿ. ಆಮೇಲೆ ಜಾಂಬವಂತನನ್ನು ಹುಡುಕಿ: ಒಬ್ಬ ವ್ಯಕ್ತಿ, ಒಂದು ಕಂಪನಿ, ಒಂದು ತಲೆಬುರುಡೆ, ಏನಾದರೂ ಆಗಬಹುದು. ಪೆನ್ನು ಬೇಡ, ಪೆನ್ಸಿಲ್ ಸಾಕು. ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಕವರ್ ಹಾಕಿ. ನಮ್ಮ ಮೊದಲನೆಯದನ್ನು ಕಿಟಕಿ ಪಕ್ಕ ಇಟ್ಟು, ಆಟಿ ತಿಂಗಳ ಮಳೆಗೆ 2063ರಿಂದ 2122ರವರೆಗೆ ಪೂರ್ತಿ ಬೂಸ್ಟು ಹಿಡಿಯಿತು. ಏಲಿಯನ್ ಹಡಗಿನವರು ವಲ್ಕನ್ನರ ಹೆಸರು ಎತ್ತದ್ದಕ್ಕೆ ಒಂದು ಒಳ್ಳೆಯ ಕಾರಣ ಅದರಲ್ಲಿತ್ತು. ಈಗ ಐವರಿಗೂ ನೆನಪಿಲ್ಲ.

ಇನ್ನೂ ಜಗಳ ಮುಗಿಯದ್ದು ಯಾವುದು?

ವಲ್ಕನ್ನರು ಎಲ್ಲಿ ಹೋದರು ಅನ್ನುವುದು. ಸ್ಟಾರ್ ಟ್ರೆಕ್ ಗೆಲಾಕ್ಸಿಯಲ್ಲಿ ನೂರಾರು ಜನಾಂಗಗಳಿವೆ. ಸಾವಿರಾರು ವರ್ಷ ಕಳೆದು ಫೌಂಡೇಶನ್ ಕಾಲಕ್ಕೆ ಬಂದರೆ ಅದೇ ಗೆಲಾಕ್ಸಿಯಲ್ಲಿ ಬರೀ ಮನುಷ್ಯರು. ಅಸಿಮೋವ್ ಅವರ 1982ರ ಕಾದಂಬರಿಯಲ್ಲಿ ಇದಕ್ಕೊಂದು ದಂತಕಥೆ ಬರುತ್ತದೆ: ಕಾಲವನ್ನು ತಿದ್ದುವವರು, ಮನುಷ್ಯರು ಮಾತ್ರ ಇರುವ ವಾಸ್ತವವನ್ನು ಆರಿಸಿದರು ಅಂತ. ಹಾಗಾದರೆ ವಲ್ಕನ್ನರು ಸತ್ತದ್ದಲ್ಲ, ಹುಟ್ಟಲೇ ಇಲ್ಲ. ಉಡುಪಿಯ ಇಬ್ಬರಿಗೂ ಅದು ಒಪ್ಪಿಗೆ. ಮನುಷ್ಯರ ಒಳಿತಿಗಾಗಿ ರೋಬಾಟುಗಳೇ ಉಳಿದವರನ್ನು ಆಚೆ ಕಳಿಸಿದವು ಅನ್ನುವುದು ನನ್ನ ವಾದ. ಸುರತ್ಕಲ್‌ನವರಿಗೆ ಎರಡೂ ಬೇಡ. ವಲ್ಕನ್ನರನ್ನು ಬಿಟ್ಟುಕೊಡುವ ಜೋಡಣೆಯೇ ಬೇಡ ಅಂತ ಕಳೆದ ಸಲ ಅರ್ಧ ಗಡ್‌ಬಡ್ ಬಿಟ್ಟು ಎದ್ದುಹೋದರು. ಮುಂದಿನ ಭಾನುವಾರ ಬರುತ್ತಾರೆ. ಬರಲೇಬೇಕು, ನೋಟ್‌ಬುಕ್ ಅವರ ಬ್ಯಾಗಿನಲ್ಲೇ ಉಂಟು.